ಆಪರೇಷನ್ ಆಯ್ತು, ಮುಂದೆ?

ಗಾಯ ಹೊಲಿಯುವುದು ಸರ್ಜನ್ ಕೆಲಸ. ಮಾಯಿಸಿಕೊಳ್ಳುವುದು ರೋಗಿಯ ಕೆಲಸ, ಮನೆಯವರ ಕೆಲಸ. ಅದನ್ನು ಹೇಗೆ ಮಾಡಬೇಕೆಂದು ಮಾತ್ರ ಕೂತು ಹೇಳಿಕೊಡುವವರಿಲ್ಲ. ಹಬ್ಬ ಮುಗಿಯಲೆಂದು ಮುಂದೂಡಿದ ಆಪರೇಷನ್‌ಗಳಿಗೆಲ್ಲ ತಾರೀಖು ಗೊತ್ತಾಗುವ ಈ ದಿನಗಳಲ್ಲಿ, ಥಿಯೇಟರ್‌ನಿಂದ ಹೊರಬಂದ ಮೇಲಿನ ದೀರ್ಘ ದಾರಿಯ ಕಥೆ.

ಬೆಳಗಿನ ಆರೂವರೆ. ಜಿಲ್ಲಾಸ್ಪತ್ರೆಯ ಹೆಂಗಸರ ಸರ್ಜಿಕಲ್ ವಾರ್ಡಿನಲ್ಲಿ ಈಗಷ್ಟೇ ಫಿನಾಯಿಲ್ ಹಾಕಿ ನೆಲ ಒರೆಸಿದ್ದಾರೆ. ಮಂಚಗಳ ನಡುವೆ ಚಾಪೆ ಹಾಸಿ ಮಲಗಿದ್ದ ಜೊತೆಗಾರರು ಒಬ್ಬೊಬ್ಬರಾಗಿ ಎದ್ದು, ಫ್ಲಾಸ್ಕ್ ಹಿಡಿದು ಗೇಟಿನಾಚೆಯ ಕಾಫಿ ಗಾಡಿಯತ್ತ ಹೊರಟಿದ್ದಾರೆ. ಮೂಲೆಯ ಮಂಚದ ಹೆಂಗಸಿಗೆ ನಿನ್ನೆ ಮಧ್ಯಾಹ್ನ ಹೊಟ್ಟೆಯ ಆಪರೇಷನ್ ಆಗಿದೆ.

‘ಏಳಮ್ಮಾ, ಒಂದು ಮಗ್ಗುಲಿಗೆ ಹೊರಳು. ಕೈ ಊರು. ಈಗ ಕಾಲು ಇಳಿಬಿಡು’ ಎನ್ನುತ್ತಾರೆ ಸಿಸ್ಟರ್.

‘ಇವತ್ತೇ ಏಳಿಸ್ತೀರಾ? ಹೊಲಿಗೆ ಬಿಚ್ಕೊಂಡ್ರೆ?’ ಜೊತೆಗಿದ್ದ ಅಕ್ಕನಿಗೆ ಗಾಬರಿ.

ಮೂತ್ರದ ಚೀಲವನ್ನು ಅಕ್ಕನ ಕೈಗೆ ಕೊಟ್ಟು, ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಆಕೆ ನಿಲ್ಲುತ್ತಾಳೆ. ಮುಖ ಬಿಳಿಚಿದೆ. ಕಿಟಕಿಯವರೆಗೆ ಐದಾರು ಹೆಜ್ಜೆ. ತಿರುಗಿ ಬಂದು ಕೂತಾಗ ಹಣೆಯ ತುಂಬ ಬೆವರು. ‘ಸಂಜೆ ಬಾಗಿಲತನಕ ಹೋಗೋಣ’ ಎಂದು ಸಿಸ್ಟರ್ ಮುಂದಿನ ಮಂಚಕ್ಕೆ ನಡೆಯುತ್ತಾರೆ.

ದಸರೆ ಕಳೆದು ಮಳೆ ಹಿಂದೆ ಸರಿಯುವಾಗ ನಮ್ಮ ವಾರ್ಡುಗಳು ತುಂಬುತ್ತವೆ. ಹರ್ನಿಯಾ, ಪಿತ್ತಕೋಶ, ಗರ್ಭಕೋಶ, ಮಂಡಿಚಿಪ್ಪು, ಎಲ್ಲವೂ ‘ಹಬ್ಬ ಮುಗೀಲಿ’ ಎಂದು ಕಾದಿದ್ದವು. ವಿಶ್ವ ಅರಿವಳಿಕೆ ದಿನ ಬರುವುದೂ ಇದೇ ಹೊತ್ತಿಗೆ, ಅಕ್ಟೋಬರ್ 16ರಂದು. 1846ರ ಆ ದಿನ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ರೋಗಿಯೊಬ್ಬನಿಗೆ ಈಥರ್ ಕೊಟ್ಟ. ಸರ್ಜನ್ ಕತ್ತಿನ ಗಡ್ಡೆಗೆ ಕೈಹಾಕಿದರೂ ಆತ ಚೀರಲಿಲ್ಲ. ಥಿಯೇಟರಿನ ಒಳಗಿನ ಭಯಕ್ಕೆ ಅಂದು ಉತ್ತರ ಸಿಕ್ಕಿತು. ಎಚ್ಚರವಾದ ಮೇಲಿನ ಭಯಗಳಿಗೆ ಸಿಗಲು ಇನ್ನೂ ನೂರು ವರ್ಷ ಬೇಕಾಯಿತು.

ಮಲಗಿದಷ್ಟೂ ಸೋಲು

ಮೂಲೆಯ ಮಂಚದ ಹೆಂಗಸು ಇಟ್ಟ ಆ ಐದಾರು ಹೆಜ್ಜೆಗಳ ಹಿಂದೆ ದೊಡ್ಡ ಜಗಳವಿದೆ. ಕಳೆದ ಶತಮಾನದ ಮೊದಲರ್ಧದಲ್ಲಿ ಹರ್ನಿಯಾ, ಅಪೆಂಡಿಕ್ಸ್ ಆದವರನ್ನು ಎರಡು ಮೂರು ವಾರ ಹಾಸಿಗೆಯಿಂದ ಇಳಿಸುತ್ತಿರಲಿಲ್ಲ. ಅಲುಗಾಡಿದರೆ ಗಾಯ ಬಾಯಿಬಿಡುತ್ತದೆ ಎಂಬುದು ವೈದ್ಯರ ನಂಬಿಕೆಯೇ ಆಗಿತ್ತು. 1899ರಲ್ಲಿ ಶಿಕಾಗೋದ ಎಮಿಲ್ ರೀಸ್ ಎಂಬ ವೈದ್ಯ, ಹೊಟ್ಟೆ ಕೊಯ್ದ ರೋಗಿಗಳನ್ನು ಒಂದೆರಡು ದಿನದಲ್ಲೇ ಎಬ್ಬಿಸುತ್ತಿದ್ದೇನೆಂದು ಬರೆದರು. ಹೆಚ್ಚಿನವರು ಕಿವಿಗೊಡಲಿಲ್ಲ.

ಬದಲಾವಣೆ ತಂದದ್ದು ಎರಡನೇ ಮಹಾಯುದ್ಧ. ಮಂಚಗಳು ಸಾಲುತ್ತಿರಲಿಲ್ಲ, ದಾದಿಯರೂ ಸಾಲುತ್ತಿರಲಿಲ್ಲ. ರೋಗಿಗಳನ್ನು ಬೇಗ ಎಬ್ಬಿಸಲೇಬೇಕಾಯಿತು. ಡೆಟ್ರಾಯಿಟ್‌ನ ಡೇನಿಯಲ್ ಲೈಟ್‌ಹೌಸರ್ ಇದನ್ನೇ ಶಿಸ್ತಾಗಿ ಮಾಡಿ, 1946ರಲ್ಲಿ ಪುಸ್ತಕವನ್ನೇ ಬರೆದರು. ಮರುವರ್ಷ ಲಂಡನ್‌ನ ವೈದ್ಯ ರಿಚರ್ಡ್ ಆಶರ್, ಹಾಸಿಗೆಯಲ್ಲಿ ಬಿದ್ದಿರುವುದರಿಂದ ಮೈಯ ಒಂದೊಂದು ಅಂಗಕ್ಕೂ ಆಗುವ ಕೇಡನ್ನು ಬಿಡಿಸಿ ಹೇಳುವ ಲೇಖನ ಬರೆದರು. ಇಂದಿಗೂ ವೈದ್ಯರು ಅದನ್ನು ನೆನೆಯುತ್ತಾರೆ.

ಎದ್ದವರ ಹೊಲಿಗೆ ಬಿಚ್ಚಲಿಲ್ಲ. ಮಲಗಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು, ಅದು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಉಸಿರು ಮೇಲುಮೇಲೆ ಆಡಿ ಕಫ ಕಟ್ಟುತ್ತಿತ್ತು. ಸ್ನಾಯು ಕರಗುತ್ತಿತ್ತು. ಆರೋಗ್ಯವಾಗಿಯೇ ಇದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿಟ್ಟು ಅಳೆದ ಅಮೆರಿಕದ ಅಧ್ಯಯನವೊಂದರಲ್ಲಿ, ಕಾಲುಗಳಿಂದಲೇ ಹೆಚ್ಚುಕಡಿಮೆ ಒಂದು ಕಿಲೋ ಮಾಂಸಖಂಡ ಕಳೆದಿತ್ತು. ಬಚ್ಚಲಿಗೆ ಹೋಗುವಾಗ ಅಜ್ಜಿ ಕುಸಿದು ಬೀಳುವುದು ಆಪರೇಷನ್‌ನಿಂದಲ್ಲ, ಪ್ರೀತಿಯಿಂದ ನಾವು ಮಲಗಿಸಿಟ್ಟದ್ದರಿಂದ.

1990ರ ದಶಕದಲ್ಲಿ ಕೋಪನ್‌ಹೇಗನ್‌ನ ಹೆನ್ರಿಕ್ ಕೆಹ್ಲೆಟ್ ಇನ್ನೂ ಮುಂದೆ ಹೋದರು. ಹಿಂದಿನ ರಾತ್ರಿಯಿಂದ ಉಪವಾಸ, ಮೂಗಿಗೆ ಕೊಳವೆ, ದಿನಗಟ್ಟಲೆ ಬರೀ ಡ್ರಿಪ್: ಇವು ನಿಜಕ್ಕೂ ಬೇಕೇ ಎಂದು ಒಂದೊಂದನ್ನೇ ಪ್ರಶ್ನಿಸಿದರು. ನೋವನ್ನು ಸರಿಯಾಗಿ ಹಿಡಿದು, ಬೇಗ ಉಣಿಸಿ, ಬೇಗ ನಡೆಸಿದಾಗ, ವಾರ ಮೀರಿ ಇರಬೇಕಿದ್ದ ಕರುಳಿನ ಆಪರೇಷನ್ ರೋಗಿಗಳು ಎರಡು ಮೂರು ದಿನಕ್ಕೇ ಮನೆಗೆ ಹೋಗತೊಡಗಿದರು. ಬೇಗ ಚೇತರಿಸುವ ಈ ಪದ್ಧತಿ ಈಗ ನಮ್ಮ ದೊಡ್ಡ ಆಸ್ಪತ್ರೆಗಳಿಗೂ ಬಂದಿದೆ.

ನಮ್ಮ ಹಿರಿಯರು ಇಂಥ ಬದಲಾವಣೆಯನ್ನು ಕಣ್ಣಿನ ಆಪರೇಷನ್‌ನಲ್ಲಿ ಕಂಡಿದ್ದಾರೆ. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ನಮ್ಮ ಡಾ. ಎಂ.ಸಿ. ಮೋದಿಯವರದು. ಅಂದಿನ ನೇತ್ರ ಶಿಬಿರಗಳಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿದ ಅಜ್ಜ ಅಜ್ಜಿಯರು ತಲೆ ಅಲುಗಿಸದೆ ಸಾಲಾಗಿ ಮಲಗಿರುತ್ತಿದ್ದರು. ಈಗ ಎರಡು ಮೂರು ಮಿಲಿಮೀಟರಿನ ಸೀಳು, ಹೊಲಿಗೆಯೇ ಇಲ್ಲ, ಸಂಜೆಯ ಬಸ್ಸಿಗೆ ಊರು.

[ಬಾಕ್ಸ್] ಚೇತರಿಸಿಕೊಂಡವರು

ಸ್ಯಾಮ್ಯುಯೆಲ್ ಪೀಪ್ಸ್: ಲಂಡನ್‌ನ ಈ ಪ್ರಖ್ಯಾತ ದಿನಚರಿಕಾರ 1658ರ ಮಾರ್ಚ್ 26ರಂದು, ಅರಿವಳಿಕೆಯಿಲ್ಲದ ಕಾಲದಲ್ಲಿ, ಮೂತ್ರಕೋಶದ ಕಲ್ಲು ತೆಗೆಸಿಕೊಂಡ. ಬದುಕಿದ ಖುಷಿಗೆ ಆ ದಿನ ಗೆಳೆಯರಿಗೆ ಊಟ ಹಾಕುವುದಾಗಿ ಸಂಕಲ್ಪ ಮಾಡಿದ. ಕಲ್ಲನ್ನು ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡಿದ.

ಫ್ಯಾನಿ ಬರ್ನಿ: ಇಂಗ್ಲಿಷ್ ಕಾದಂಬರಿಗಾರ್ತಿ. 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್‌ನಲ್ಲಿ, ಪೂರ್ತಿ ಎಚ್ಚರದಲ್ಲೇ ಸ್ತನ ತೆಗೆಸಿಕೊಂಡರು. ಅಕ್ಕನಿಗೆ ಅದನ್ನು ಬರೆದು ತಿಳಿಸಲು ತಿಂಗಳುಗಳೇ ಬೇಕಾದವು. ಬರೆದದ್ದನ್ನು ತಿರುಗಿ ಓದಲಾಗಲಿಲ್ಲ. ಆಮೇಲೆ 28 ವರ್ಷಕ್ಕೂ ಹೆಚ್ಚು ಬದುಕಿದರು.

ಏಳನೇ ಎಡ್ವರ್ಡ್: 1902ರಲ್ಲಿ ಪಟ್ಟಾಭಿಷೇಕಕ್ಕೆ ಎರಡು ದಿನ ಇರುವಾಗ ಅಪೆಂಡಿಕ್ಸ್ ಕೀವಾಗಿ ಆಪರೇಷನ್. ಮರುದಿನ ದೊರೆ ಹಾಸಿಗೆಯಲ್ಲಿ ಎದ್ದು ಕೂತಿದ್ದರು. ಜೂನ್ 26ಕ್ಕೆ ಗೊತ್ತಾಗಿದ್ದ ಕಿರೀಟಧಾರಣೆ ನಡೆದದ್ದು ಆಗಸ್ಟ್ 9ಕ್ಕೆ.

ನಂಜಿನ ಪಟ್ಟಿ

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಮಧ್ಯಾಹ್ನವೇ ಪಟ್ಟಿ ತಯಾರಾಗುತ್ತದೆ. ಬದನೆಕಾಯಿ ಬೇಡ, ನಂಜು. ಅವರೆ ಬೇಡ, ಹಲಸು ಬೇಡ. ಬೇಳೆ ತಿಂದರೆ ಕೀವು. ಮೊಟ್ಟೆ ತಿಂದರೆ ಗಾಯ ಕೆರೆಯುತ್ತದೆ. ಮೊಸರು ಶೀತ. ಕೊನೆಗೆ ಉಳಿಯುವುದು ಗಂಜಿ, ಬ್ರೆಡ್ಡು, ಮೆಣಸಿನ ಸಾರು.

ಈ ಪಟ್ಟಿಯ ಹಿಂದೆ ಮಮತೆ ಇದೆ, ತಲೆಮಾರುಗಳ ಅಂಜಿಕೆಯೂ ಇದೆ. ಪ್ರತಿಜೀವಕ ಔಷಧಿ ಇಲ್ಲದ ಕಾಲದಲ್ಲಿ ಕೀವಾದ ಗಾಯ ಎಂದರೆ ಸಾವು. ಏನು ತಿಂದದ್ದರಿಂದ ಹೀಗಾಯಿತು ಎಂದು ಹುಡುಕುವುದು ಸಹಜವೇ. ಆದರೆ ಗಾಯ ಕೂಡಲು ದೇಹ ಕೊಲಾಜೆನ್ ಎಂಬ ನಾರನ್ನು ನೇಯಬೇಕು, ಅದಕ್ಕೆ ಬೇಕಾದದ್ದು ಪ್ರೋಟೀನ್ ಮತ್ತು ಸಿ ಜೀವಸತ್ವ. ಹೊರಗಿನಿಂದ ಸಿಗದಿದ್ದರೆ ದೇಹ ತನ್ನದೇ ಸ್ನಾಯುವನ್ನು ಒಡೆದು ಬಳಸುತ್ತದೆ. ನಾವು ನಂಜೆಂದು ದೂರ ಇಟ್ಟ ಬೇಳೆ, ಕಾಳು, ಮೊಟ್ಟೆ, ಮೊಸರು, ಮೀನುಗಳೇ ಗಾಯಕ್ಕೆ ಬೇಕಾದ ಸಾಮಗ್ರಿ. ಕೀವಾಗುವುದು ರೋಗಾಣುವಿನಿಂದ, ತೊಳೆಯದ ಕೈಯಿಂದ, ಹತೋಟಿಯಲ್ಲಿಲ್ಲದ ಸಕ್ಕರೆಯಿಂದ. ಗಾಯಕ್ಕೆ ಹಚ್ಚುವ ಅರಿಶಿನ, ಬೂದಿ, ಹರಳೆಣ್ಣೆಗಳೂ ಕೀವಿನ ಈ ಕಾರಣಗಳ ಸಾಲಿಗೆ ಸೇರುತ್ತವೆ.

ಪಥ್ಯ ಅಂದರೆ ಬಾಯಿ ಕಟ್ಟುವುದು ಮಾತ್ರ ಎಂದು ನಮ್ಮ ಪರಂಪರೆಯೂ ಹೇಳಿಲ್ಲ. ಸುಶ್ರುತ ಸಂಹಿತೆಯಲ್ಲಿ ಗಾಯಾಳುವಿನ ಉಪಚಾರಕ್ಕೆಂದೇ ಒಂದು ಅಧ್ಯಾಯವಿದೆ. ಗಾಳಿ ಹೊಡೆಯದ ಶುಚಿಯಾದ ಕೋಣೆ, ಅನುಕೂಲವಾದ ಹಾಸಿಗೆ, ಪಕ್ಕದಲ್ಲಿ ಕೂತು ಇಷ್ಟದ ಮಾತು ಕಥೆ ಆಡುವ ಗೆಳೆಯರು, ಹಗಲು ನಿದ್ದೆ ಬೇಡವೆಂಬ ಎಚ್ಚರಿಕೆ, ಎಲ್ಲ ಅಲ್ಲಿವೆ. ವರ್ಜ್ಯ ಆಹಾರಗಳ ಪಟ್ಟಿಯೂ ಉಂಟು. ನಾವು ಪಟ್ಟಿಯನ್ನಷ್ಟೇ ಉಳಿಸಿಕೊಂಡೆವು.

ಇನ್ನೊಂದು ಮಾತು, ಹೊಟ್ಟೆ ಆಪರೇಷನ್ ಆದವರಿಗೆ ಗೊತ್ತಿರುವಂಥದು. ರೌಂಡ್ಸಿಗೆ ಬಂದ ವೈದ್ಯರು ಮೊದಲು ಕೇಳುವುದು ‘ಗ್ಯಾಸ್ ಪಾಸ್ ಆಯ್ತಾ?’ ಎಂದು. ನಾಲ್ಕು ಜನರ ಎದುರು ಈ ಪ್ರಶ್ನೆಗೆ ಹೆಂಗಸರು ಸೆರಗು ಬಾಯಿಗೆ ಹಿಡಿಯುತ್ತಾರೆ, ಆಗದಿದ್ದರೂ ‘ಆಯ್ತು’ ಎಂದುಬಿಡುತ್ತಾರೆ. ನಾಚಿಕೆ ಬೇಡ. ಹೊಟ್ಟೆ ತೆರೆದು ಕೈಯಾಡಿಸಿದಾಗ ಕರುಳು ತನ್ನ ಚಲನೆ ನಿಲ್ಲಿಸುತ್ತದೆ. ಸಣ್ಣ ಕರುಳು ಸಾಮಾನ್ಯವಾಗಿ ಒಂದು ದಿನದಲ್ಲಿ, ದೊಡ್ಡ ಕರುಳು ಎರಡು ಮೂರು ದಿನದಲ್ಲಿ ಮತ್ತೆ ಕೆಲಸ ಹಿಡಿಯುತ್ತವೆ. ಒಳಗೆ ಎಲ್ಲ ಸರಿಯಾಗುತ್ತಿದೆ ಎಂಬ ಸುದ್ದಿಯನ್ನು ವೈದ್ಯರಿಗೆ ಮುಟ್ಟಿಸುವುದು ಆ ಗಾಳಿಯೇ.

ನೋವು ನುಂಗುವುದು ಶೌರ್ಯವಲ್ಲ

‘ನೋವು ಇದೆಯಾ?’ ಎಂದರೆ ‘ಪರವಾಗಿಲ್ಲ, ತಡ್ಕೋತೀನಿ’ ಎನ್ನುವವರೇ ಹೆಚ್ಚು. ಮಾತ್ರೆ ಜಾಸ್ತಿಯಾದರೆ ಕಿಡ್ನಿ ಹೋಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ ಎಂಬ ಭಯ. ವೈದ್ಯರು ಹೇಳಿದ ಅಳತೆಯಲ್ಲಿ ಕೆಲವು ದಿನ ತೆಗೆದುಕೊಳ್ಳುವ ಮಾತ್ರೆಗೂ, ವರ್ಷಗಟ್ಟಲೆ ಅಂಗಡಿಯಿಂದ ತಂದು ನುಂಗುವ ಮಾತ್ರೆಗೂ ಅಂತರವಿದೆ. ಕಿಡ್ನಿಯ ತೊಂದರೆ ಮೊದಲೇ ಇದ್ದರೆ ಮುಚ್ಚಿಡದೆ ಹೇಳಬೇಕು, ಅಷ್ಟೇ.

ನೋವು ನುಂಗಿದವರು ಕೆಮ್ಮುವುದಿಲ್ಲ. ಕೆಮ್ಮದಿದ್ದರೆ ಕಫ ಹೊರಬರುವುದಿಲ್ಲ, ಮೂರನೇ ದಿನ ಜ್ವರ. ಅದಕ್ಕೇ ಆಸ್ಪತ್ರೆಯವರು ಮೂರು ಗುಂಡುಗಳ ಆ ಪ್ಲಾಸ್ಟಿಕ್ ಸಾಧನವನ್ನು ಕೊಟ್ಟು ಉಸಿರೆಳೆಯಲು ಹೇಳುವುದು. ಮನೆಗೆ ಬಂದ ಮೇಲೆ ಅದು ಮೊಮ್ಮಕ್ಕಳ ಕೈ ಸೇರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಊದುವುದಕ್ಕಲ್ಲ, ನಿಧಾನವಾಗಿ ಒಳಗೆಳೆಯುವುದಕ್ಕೆ ಅದು ಇರುವುದು. ಈ ಒಂದು ಮಾತನ್ನೂ ಹೇಳದೆ ಕಳಿಸಿರುತ್ತಾರೆ.

ಲ್ಯಾಪರೋಸ್ಕೋಪಿ ಆದವರಿಗೆ ಬೇರೆಯದೇ ಒಗಟು. ಮುಂಬೈಯಲ್ಲಿ ಡಾ. ತೆಹಮ್ಟನ್ ಉದ್ವಾಡಿಯಾ 1990ರಲ್ಲಿ ಭಾರತದ ಮೊದಲ ಲ್ಯಾಪರೋಸ್ಕೋಪಿಕ್ ಪಿತ್ತಕೋಶ ಶಸ್ತ್ರಚಿಕಿತ್ಸೆ ಮಾಡಿದ ಮೇಲೆ ಇದು ತಾಲ್ಲೂಕು ಕೇಂದ್ರಗಳಿಗೂ ಬಂದಿದೆ. ತೂತು ಮಾಡಿದ್ದು ಹೊಟ್ಟೆಗೆ, ನೋವು ಭುಜಕ್ಕೆ! ಹೃದಯಾಘಾತವೇ ಇರಬೇಕೆಂದು ರಾತ್ರೋರಾತ್ರಿ ಮನೆಯವರನ್ನೆಲ್ಲ ಎಬ್ಬಿಸಿದವರಿದ್ದಾರೆ. ಹೊಟ್ಟೆ ಉಬ್ಬಿಸಲು ತುಂಬಿದ ಇಂಗಾಲದ ಡೈಆಕ್ಸೈಡ್, ಎದೆ ಹೊಟ್ಟೆಗಳ ನಡುವಿನ ಪರದೆಯಾದ ವಪೆಯನ್ನು ಕೆಣಕುತ್ತದೆ. ವಪೆಯ ನರ ಹೊರಡುವುದು ಕತ್ತಿನಿಂದ, ಭುಜದ ಸಂವೇದನೆಯೂ ಅಲ್ಲಿಂದಲೇ. ಹಾಗಾಗಿ ಮಿದುಳಿಗೆ ಭುಜ ನೊಂದಂತೆ ತೋರುತ್ತದೆ. ಒಂದೆರಡು ದಿನದಲ್ಲಿ ಹೋಗುವ ನೋವು ಇದು. ಮೊದಲೇ ಹೇಳಿದ್ದರೆ ಆ ರಾತ್ರಿ ನೆಮ್ಮದಿಯಾಗಿ ಕಳೆಯುತ್ತಿತ್ತು.

ಮೂರನೇ ವಾರದ ಕತ್ತಲು

ಮಂಡಿಚಿಪ್ಪು ಬದಲಿಸಿಕೊಂಡ ಯಾರನ್ನೇ ಮಾತಾಡಿಸಿ, ‘ಯಾಕಾದರೂ ಮಾಡಿಸಿಕೊಂಡೆನೋ’ ಎನಿಸಿದ ದಿನವೊಂದರ ಬಗ್ಗೆ ಹೇಳುತ್ತಾರೆ. ಅದು ಆಪರೇಷನ್ ಆದ ದಿನವಲ್ಲ. ನೋಡಲು ಬರುವವರು ನಿಂತ ಮೇಲೆ, ಸೇಬು ಮೂಸಂಬಿ ಖಾಲಿಯಾದ ಮೇಲೆ, ಎರಡನೆಯದೋ ಮೂರನೆಯದೋ ವಾರದ ನಡುರಾತ್ರಿ. ಮಂಡಿ ಬಿಸಿಯಾಗಿದೆ. ಯಾವ ಮಗ್ಗುಲಿಗೂ ನಿದ್ದೆ ಇಲ್ಲ. ಬೆಳಿಗ್ಗೆ ಫಿಸಿಯೋಥೆರಪಿಯವರು ಬಂದು ಮತ್ತೆ ಮಡಿಸಲು ಹೇಳುತ್ತಾರೆ. ಗಾಯದ ಹೊರಮಗ್ಗುಲಲ್ಲಿ ಚರ್ಮ ಮರಗಟ್ಟಿದೆ, ನೆಲದ ಮೇಲೆ ಕೂತು ಉಣ್ಣುವಂತಿಲ್ಲ, ಹಳೆಯ ಮನೆಯ ಶೌಚಾಲಯದಲ್ಲಿ ಕುಕ್ಕರಗಾಲಿನಲ್ಲಿ ಕೂರುವಂತಿಲ್ಲ. ಮಂಡಿ ಪೂರ್ತಿ ಹದಕ್ಕೆ ಬರಲು ವರ್ಷವೇ ಹಿಡಿಯಬಹುದು ಎಂದು ಮೊದಲೇ ತಿಳಿದವರು ಈ ರಾತ್ರಿಗಳನ್ನು ದಾಟುತ್ತಾರೆ. ಹದಿನೈದು ದಿನಕ್ಕೆ ಓಡಾಡಬಹುದು ಎಂದಷ್ಟೇ ಕೇಳಿಸಿಕೊಂಡವರು ವ್ಯಾಯಾಮ ಬಿಡುತ್ತಾರೆ, ಮಂಡಿ ಬಿಗಿದುಕೊಳ್ಳುತ್ತದೆ.

ಬೈಪಾಸ್ ಆದವರದು ಇನ್ನೊಂದು ಬಗೆ. ಎದೆಯ ಮೂಳೆ ಕೂಡಲು ಆರರಿಂದ ಹನ್ನೆರಡು ವಾರ. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಳ್ಳಬೇಕು. ನಾಲಗೆಗೆ ರುಚಿ ಇಲ್ಲ. ಜೀವಮಾನದಲ್ಲಿ ಅಳದ ಗಂಡಸು ಟಿ.ವಿ. ಧಾರಾವಾಹಿ ನೋಡಿ ಅಳುತ್ತಾನೆ, ಮನೆಯವರಿಗೆ ದಿಗಿಲು. ಹೃದಯದ ಆಪರೇಷನ್ ಆದ ಮೇಲೆ ಮನಸ್ಸು ಕುಗ್ಗುವುದು ತೀರಾ ಸಾಮಾನ್ಯ, ಬಹುಪಾಲು ಜನರಲ್ಲಿ ವಾರಗಳಲ್ಲಿ ತಿಳಿಯಾಗುತ್ತದೆ. ತಿಳಿಯಾಗದಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ಆದರೆ ಫಾಲೋಅಪ್‌ಗೆ ಹೋದಾಗ ಬಿಪಿ ಹೇಳುತ್ತಾರೆ, ಅತ್ತದ್ದನ್ನು ಹೇಳುವುದಿಲ್ಲ.

ವಯಸ್ಸಾದವರಲ್ಲಿ ಇನ್ನೂ ಹೆದರಿಸುವ ಸಂಗತಿ ಭ್ರಮೆ. ಸೊಂಟದ ಮೂಳೆಯ ಆಪರೇಷನ್ ಆದ ಎರಡನೇ ರಾತ್ರಿ ತಾತ ಎಂದೋ ಸತ್ತ ತಮ್ಮನನ್ನು ಕರೆಯುತ್ತಾರೆ, ಗೋಡೆಯ ಮೇಲೆ ಇರುವೆ ಸಾಲು ಇದೆ ಎನ್ನುತ್ತಾರೆ, ಸೂಜಿ ಕಿತ್ತುಹಾಕುತ್ತಾರೆ. ‘ಗಾಳಿ ಸೋಕಿದೆ’ ಎಂದು ಯಂತ್ರ ಕಟ್ಟಿಸಲು ಹೊರಡುವವರೂ ಉಂಟು. ಇದು ಹುಚ್ಚಲ್ಲ, ಸೋಕೂ ಅಲ್ಲ. ಅರಿವಳಿಕೆ, ನೋವು, ನಿದ್ದೆಗೇಡು, ಸೋಂಕು, ಹೊಸ ಜಾಗ ಎಲ್ಲ ಸೇರಿ ಮಿದುಳು ಕೆಲಕಾಲ ತಬ್ಬಿಬ್ಬಾಗುವುದು. ವೈದ್ಯರಿಗೆ ಕೂಡಲೇ ಹೇಳಬೇಕು. ಜೊತೆಗೆ ತಾತನ ಕನ್ನಡಕ ಹಾಕಿ, ಕಿವಿಯ ಯಂತ್ರ ಇಡಿ, ಹಗಲು ಪರದೆ ಸರಿಸಿ, ಪರಿಚಿತ ಮುಖವೊಂದು ಪಕ್ಕದಲ್ಲಿರಲಿ. ಇಷ್ಟು ಸರಳ ಸಂಗತಿಗಳು ನಿಜಕ್ಕೂ ನೆರವಾಗುತ್ತವೆ.

ನರರೋಗ ತಜ್ಞ ಆಲಿವರ್ ಸ್ಯಾಕ್ಸ್ ಸ್ವತಃ ರೋಗಿಯಾದಾಗ ಕಂಡದ್ದು ಇದಕ್ಕಿಂತ ವಿಚಿತ್ರ. 1974ರಲ್ಲಿ ನಾರ್ವೆಯ ಬೆಟ್ಟವೊಂದರಲ್ಲಿ ಗೂಳಿಗೆ ಹೆದರಿ ಓಡಿ ಬಿದ್ದು ತೊಡೆಯ ಸ್ನಾಯು ಹರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಆದರೆ ಆ ಕಾಲು ತನ್ನದೆಂದು ಅವರಿಗೆ ಅನಿಸಲೇ ಇಲ್ಲ. ಸರ್ಜನ್‌ಗೆ ಹೇಳಿದರೆ ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮೊದಲ ಸಲ ನಡೆಯಲು ಹೋದಾಗ ಮನದೊಳಗೆ ಮೆಂಡೆಲ್ಸನ್‌ನ ವಯಲಿನ್ ಸಂಗೀತ ಮೊಳಗಿ, ಆ ಲಯದಲ್ಲಿ ಕಾಲು ಮರಳಿ ತನ್ನದಾಯಿತು ಎಂದು 1984ರ ಪುಸ್ತಕದಲ್ಲಿ ಬರೆದರು. ವೈದ್ಯನ ಮಾತನ್ನೇ ವೈದ್ಯ ಕೇಳದಿದ್ದ ಮೇಲೆ, ಶಿರಾದಿಂದಲೋ ಸಿಂಧನೂರಿನಿಂದಲೋ ಬಂದ ರೈತನ ಮಾತಿಗೆ ಎಷ್ಟು ಕಿವಿ ಸಿಕ್ಕೀತು?

[ಬಾಕ್ಸ್] ಕಿಟಕಿ ಪಕ್ಕದ ಮಂಚ

ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶ ತೆಗೆಸಿಕೊಂಡ 46 ಮಂದಿಯ ಕಡತಗಳನ್ನು ರೋಜರ್ ಉಲ್ರಿಚ್ ಹೋಲಿಸಿದರು. ಅರ್ಧ ಮಂದಿಯ ಕಿಟಕಿಯಾಚೆ ಮರಗಳು, ಉಳಿದರ್ಧಕ್ಕೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಮರ ಕಂಡವರಿಗೆ ತೀವ್ರ ನೋವುನಿವಾರಕಗಳೂ ಕಡಿಮೆ ಸಾಕಾದವು. 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಪುಟ್ಟ ಅಧ್ಯಯನ ಆಸ್ಪತ್ರೆ ಕಟ್ಟುವವರ ಯೋಚನೆಯನ್ನೇ ಬದಲಿಸಿತು.

ಬಾಣಂತಿಗೆ ಇರುವುದು ಉಳಿದವರಿಗೆ ಇಲ್ಲ

ನಮ್ಮ ಮನೆಗಳಿಗೆ ಆರೈಕೆ ಗೊತ್ತಿಲ್ಲವೆಂದಲ್ಲ. ಬಾಣಂತನ ಎಂಬ ವ್ಯವಸ್ಥೆಯೇ ಇದೆ. ತವರಿಗೆ ಕರೆದೊಯ್ಯುವುದು, ಎಣ್ಣೆನೀರು, ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಕೈ, ತಿಂಗಳುಗಟ್ಟಲೆ ಒಲೆಯ ಮುಂದೆ ಬಾರದಂತೆ ತಡೆ. ಸಿಸೇರಿಯನ್ ಆದವಳಿಗೆ ‘ನೀರು ಕುಡಿದರೆ ಹೊಟ್ಟೆ ಬರುತ್ತೆ’ ಎಂದು ನೀರು ಕಟ್ಟುವುದನ್ನೊಂದು ಬಿಟ್ಟರೆ (ಅದು ಮಲಬದ್ಧತೆ ತರುತ್ತದೆ, ಹಾಲೂಡುವವಳಿಗೆ ಇನ್ನೂ ತೊಂದರೆ) ಅದು ದೊಡ್ಡ ಆಸರೆಯೇ.

ಅದೇ ಹೆಂಗಸು ನಲವತ್ತೈದಕ್ಕೆ ಗರ್ಭಕೋಶ ತೆಗೆಸಿಕೊಂಡು ಬಂದರೆ? ತವರಿನಲ್ಲಿ ತಾಯಿ ಇಲ್ಲ. ತೊಟ್ಟಿಲಿಲ್ಲ, ಹಾಗಾಗಿ ಸಂಭ್ರಮವೂ ಇಲ್ಲ. ವಾರ ಕಳೆಯುವಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತೆಂದು ಕೊಡ ಎತ್ತುತ್ತಾಳೆ. ಆರು ವಾರ ಭಾರ ಎತ್ತಬೇಡಿ ಎಂದು ವೈದ್ಯರು ಹೇಳಿದ್ದು ಅವಳಿಗೆ ನೆನಪಿದೆ, ಮನೆಯವರಿಗೆ ನೆನಪಿಲ್ಲ. ಚರ್ಮದ ಗಾಯ ಮೂರು ವಾರಕ್ಕೆ ಪೂರ್ತಿ ಕೂಡಿದಂತೆ ಕಾಣುತ್ತದೆ, ಆದರೆ ಆಗ ಅದರ ಬಲ ಮೂಲ ಚರ್ಮದ ಐದನೇ ಒಂದು ಪಾಲು ಮಾತ್ರ. ಮೂರು ತಿಂಗಳಿಗೆ ಮುಕ್ಕಾಲು ಪಾಲಿನ ಆಸುಪಾಸು. ಹೊರಗೆ ಮಾಯ್ದದ್ದು ನೋಡಿ ಕೆಲಸಕ್ಕೆ ಹಚ್ಚುವುದು ಕ್ರೌರ್ಯ. ಗಂಡ, ಬೆಳೆದ ಮಕ್ಕಳು ಆರು ವಾರ ನೀರು ಹೊರುವುದು, ಅನ್ನ ಇಳಿಸುವುದು ಔಷಧಿಯಷ್ಟೇ ಚಿಕಿತ್ಸೆ. ವೈದ್ಯರು ಅದನ್ನು ಗಂಡನ ಎದುರೇ, ಗಟ್ಟಿಯಾಗಿ ಹೇಳಬೇಕು.

ಕಾಗದ ಇಂಗ್ಲಿಷಿನಲ್ಲಿ, ಗಾಯ ಕನ್ನಡದವರದು

ಯಶಸ್ವಿನಿ, ವಾಜಪೇಯಿ ಆರೋಗ್ಯಶ್ರೀಯಂಥ ಯೋಜನೆಗಳು ಬಂದ ಮೇಲೆ ಹಳ್ಳಿಯವರಿಗೂ ದೊಡ್ಡ ಆಪರೇಷನ್ ಕೈಗೆಟುಕಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಆಪರೇಷನ್ ಬೆಂಗಳೂರಿನಲ್ಲಿ, ಚೇತರಿಕೆ ನಾಲ್ಕುನೂರು ಕಿಲೋಮೀಟರ್ ಆಚೆ. ನಡುವೆ ಇರುವ ಒಂದೇ ಸೇತುವೆ ಡಿಸ್ಚಾರ್ಜ್ ಸಮ್ಮರಿ, ಅದೂ ಇಂಗ್ಲಿಷಿನಲ್ಲಿ. ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಇರುವ ನಾಲ್ಕು ಸಾಲು ಸಲಹೆಯನ್ನು ಊರಿನ ಮೆಡಿಕಲ್ ಶಾಪಿನ ಹುಡುಗ ಓದಿ ಹೇಳಬೇಕು.

ಬೇರೆ ದಾರಿ ಇದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿ ಉಂಟು. ನಾರಾಯಣ ಹೃದಯಾಲಯದಲ್ಲಿ ಕಳೆದ ದಶಕದ ಮೊದಲ ವರ್ಷಗಳಲ್ಲಿ, ಕಾರಿಡಾರಿನಲ್ಲಿ ಕಾಯುತ್ತಾ ಕೂತ ಮನೆಯವರನ್ನೇ ಒಟ್ಟುಗೂಡಿಸಿ ಗಾಯ ನೋಡಿಕೊಳ್ಳುವುದು, ಕೈ ತೊಳೆಯುವುದು, ಅಪಾಯದ ಲಕ್ಷಣ ಗುರುತಿಸುವುದನ್ನು ದಾದಿಯರು ಕಲಿಸತೊಡಗಿದರು. ನೂರಾ ಹೆಲ್ತ್ ಎಂಬ ಸಂಸ್ಥೆ ಬೆಳೆದದ್ದು ಇದರಿಂದಲೇ. ಈಗ ಸರ್ಕಾರಿ ಆಸ್ಪತ್ರೆಗಳಲ್ಲೂ ಆ ಪಾಠ ನಡೆಯುತ್ತದೆ. ಯಂತ್ರ ಬೇಡ, ಕಟ್ಟಡ ಬೇಡ. ಹೇಗೂ ಅಲ್ಲೇ ಕೂತಿರುವ ಹೆಂಡತಿ, ಮಗ, ಅಕ್ಕನಿಗೆ ಒಂದು ಗಂಟೆ ಕೊಡುವ ಮನಸ್ಸು ಸಾಕು.

[ಬಾಕ್ಸ್] ಕಾಯಬೇಡಿ, ಕರೆ ಮಾಡಿ

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಕೀವು ಅಥವಾ ಕೆಟ್ಟ ವಾಸನೆ ಬಂದರೆ, ವಾಂತಿಯ ಜೊತೆ ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ, ರೋಗಿ ಇದ್ದಕ್ಕಿದ್ದಂತೆ ಅಸಂಬದ್ಧ ಮಾತಾಡಿದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಬೇಡಿ, ಎಣ್ಣೆ ನೀವಬೇಡಿ. ಹೆಪ್ಪುಗಟ್ಟಿದ ರಕ್ತ ಇರಬಹುದು, ಕೂಡಲೇ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108.

ಡಿಸ್ಚಾರ್ಜ್ ದಿನ ಬಿಲ್ ಕೌಂಟರಿಗೆ ಹೋಗುವ ಮುನ್ನ ಒಂದು ಬಿಳಿ ಹಾಳೆ ಹಿಡಿದು ಸಿಸ್ಟರ್ ಬಳಿ ಹೋಗಿ. ಏನು ತಿನ್ನಬೇಕು, ಎಂದಿನಿಂದ ಸ್ನಾನ, ದಿನಕ್ಕೆ ಎಷ್ಟು ನಡಿಗೆ, ಎಷ್ಟು ವಾರ ಭಾರ ಎತ್ತಬಾರದು, ಯಾವ ಮಾತ್ರೆ ಯಾವಾಗ ನಿಲ್ಲಿಸಬೇಕು, ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು: ಎಲ್ಲವನ್ನೂ ಕನ್ನಡದಲ್ಲಿ ಬರೆಸಿಕೊಳ್ಳಿ. ಸಂಕೋಚ ಬೇಡ. ಅದು ನಿಮ್ಮ ಹಕ್ಕು. ನಮ್ಮ ಆಸ್ಪತ್ರೆಗಳು, ಸರ್ಕಾರಿ ಇರಲಿ ಖಾಸಗಿ ಇರಲಿ, ಕೇಳುವ ಮೊದಲೇ ಆ ಹಾಳೆಯನ್ನು ಅಚ್ಚುಹಾಕಿಸಿ ಕೊಡಲಿ.